ಗುಂಡ್ಮಿಯ ಕಂಠ, ಹೊನ್ನಾವರದ ಕಿವಿ: ಕಾಳಿಂಗ ನಾವಡರು ತೆರೆದ ಹಾಡಿನ ಹಾದಿ

ಹೊನ್ನಾವರ: ಅವರು ಬದುಕಿದ್ದು 32 ವರ್ಷ, ಅದೂ ಪೂರ್ತಿಯಲ್ಲ, 10 ದಿನ ಕಡಿಮೆ. ಪ್ರಧಾನ ಭಾಗವತರಾಗಿ ರಂಗದ ಮೇಲೆ ಕುಳಿತದ್ದು ಒಂದು ದಶಕಕ್ಕೆ ತುಸು ಹೆಚ್ಚು. ಅವರು ತೀರಿಕೊಂಡು ಮೂರೂವರೆ ದಶಕಗಳು ಸಂದಿವೆ. ಆದರೂ ಭಟ್ಕಳದಿಂದ ಕುಮಟಾದವರೆಗೆ ಯಾವ ಊರಿನ ಆಟಕ್ಕೆ ಹೋಗಿ ಕುಳಿತರೂ, ಭಾಗವತರು ಪದ್ಯವನ್ನು ಮೇಲಕ್ಕೆತ್ತಿ ತಾರಸ್ಥಾಯಿಯಲ್ಲಿ ಒಂದು ಕ್ಷಣ ತೂಗಿ ಕೆಳಗಿಳಿಸುವ ಬಗೆಯಲ್ಲಿ ಗುಂಡ್ಮಿ ಕಾಳಿಂಗ ನಾವಡರ ನೆರಳು ಕಾಣಿಸುತ್ತದೆ. ಹಾಡುತ್ತಿರುವ ತರುಣ ನಾವಡರು ತೀರಿಕೊಂಡ ಎಷ್ಟೋ ವರ್ಷಗಳ ನಂತರ ಹುಟ್ಟಿದವನಾಗಿರಬಹುದು. ಅವರನ್ನು ಕಣ್ಣಾರೆ ಕಾಣದೆ, ಕ್ಯಾಸೆಟ್ಟಿನ ಮೂಲಕವೇ ಅವರ ಶಿಷ್ಯನಾದವನಾಗಿರಬಹುದು.

ನಾವಡರು ಉತ್ತರ ಕನ್ನಡದವರಲ್ಲ. 1958ರ ಜೂನ್ 6ರಂದು ಅವರು ಹುಟ್ಟಿದ್ದು ಆಗಿನ ದಕ್ಷಿಣ ಕನ್ನಡ, ಈಗಿನ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಮಗ್ಗುಲಲ್ಲಿರುವ ಗುಂಡ್ಮಿಯಲ್ಲಿ. ಕೋಟ, ಸಾಲಿಗ್ರಾಮ, ಗುಂಡ್ಮಿ ಎಂದರೆ ಬಡಗುತಿಟ್ಟು ಯಕ್ಷಗಾನದ ಹೊಟ್ಟೆಯೊಳಗಿನ ಊರುಗಳು. ತಂದೆ ರಾಮಚಂದ್ರ ನಾವಡರು ಸ್ವತಃ ಭಾಗವತರು. ಮನೆಯಲ್ಲಿ ತಾಳದ ಸದ್ದು ಕೇಳುತ್ತಲೇ ಬೆಳೆದ ಹುಡುಗನಿಗೆ ಪದ್ಯದ ಲಯವು ಮಾತಿನಷ್ಟೇ ಸಹಜವಾಗಿ ಬಂದಿದ್ದರೆ ಆಶ್ಚರ್ಯವಿಲ್ಲ.

ಮೀಸೆ ಮೂಡುವ ಮೊದಲೇ ಅವರು ಕೋಟದ ಅಮೃತೇಶ್ವರಿ ಮೇಳ ಸೇರಿದರು. ಆ ಕಾಲಕ್ಕೆ ಮೇಳದ ಪ್ರಧಾನ ಭಾಗವತರು ನಾರ್ಣಪ್ಪ ಉಪ್ಪೂರರು. ಬಡಗುತಿಟ್ಟಿನ ಹಾಡುಗಾರಿಕೆಯ ಶಾಸ್ತ್ರ, ಸಂಪ್ರದಾಯ, ಪ್ರಸಂಗಗಳ ನಡೆ ಎಲ್ಲವನ್ನೂ ಕರತಲಾಮಲಕ ಮಾಡಿಕೊಂಡಿದ್ದ ಹಿರಿಯರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಭಸ್ಮಾಸುರನಾಗಿ, ಕೋಟ ವೈಕುಂಠನವರು ಮೋಹಿನಿಯಾಗಿ ಹೆಸರು ಮಾಡಿದ್ದು ಇದೇ ಮೇಳದಲ್ಲಿ. ಅಂಥ ರಂಗದ ಹಿಂದೆ ಕುಳಿತು ಕಲಿಯುವ ಅವಕಾಶ ನಾವಡರದಾಯಿತು.

ಮೇಳದಲ್ಲಿ ಕಲಿಕೆಗೆ ಪಠ್ಯಕ್ರಮವಿರುವುದಿಲ್ಲ. ಹೊಸಬನು ಮೊದಲು ‘ಸಂಗೀತಗಾರ’. ಸಂಜೆ ಜನ ಇನ್ನೂ ಬಂದು ಕೂರುತ್ತಿರುವಾಗ ಪೂರ್ವರಂಗದ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳಿಗೆ ಅವನೇ ಹಾಡಬೇಕು. ಪ್ರಧಾನ ಭಾಗವತರು ಬಂದು ಕುಳಿತ ಮೇಲೆ ಅವನು ಪಕ್ಕಕ್ಕೆ ಸರಿದು ಇಡೀ ರಾತ್ರಿ ಕೇಳಬೇಕು. ಯಾವ ಪದ್ಯವನ್ನು ಎಷ್ಟು ಬೆಳೆಸಬೇಕು, ವೇಷಧಾರಿ ದಣಿದಾಗ ಎಲ್ಲಿ ಮುಗಿಸಬೇಕು, ಮದ್ದಳೆಗಾರನಿಗೆ ಕಣ್ಣಿನಲ್ಲೇ ಹೇಗೆ ಸೂಚಿಸಬೇಕು ಎಂಬುದು ಹೀಗೆ ಕೇಳಿಯೇ ಬರುವ ವಿದ್ಯೆ. ಭಾಗವತನನ್ನು ಯಕ್ಷಗಾನದ ಮೊದಲನೆಯ ವೇಷಧಾರಿ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಅವನೇ ಗಾಯಕ, ಅವನೇ ನಿರ್ದೇಶಕ. ಉಪ್ಪೂರರ ಗರಡಿಯಲ್ಲಿ ನಾವಡರು ಈ ಎರಡನ್ನೂ ಕಲಿತರು. ಮುಂದೆ ಅವರು ಮಾಡಿದ ಹೊಸತನವನ್ನು ಟೀಕಿಸಿದವರೂ ಅವರ ತಾಳಜ್ಞಾನದ ಕುರಿತು ಎರಡು ಮಾತಾಡಲಾರದೆ ಹೋದದ್ದಕ್ಕೆ ಈ ತಳಹದಿಯೇ ಕಾರಣ.

ಅಲ್ಲಿಂದ ಮುಂದೆ ಅವರು ಪೆರ್ಡೂರು ಮೇಳ, ಬಳಿಕ ಪಳ್ಳಿ ಸೋಮನಾಥ ಹೆಗ್ಡೆಯವರ ಯಜಮಾನಿಕೆಯ ಸಾಲಿಗ್ರಾಮ ಮೇಳ ಸೇರಿದರು. 1970ರ ದಶಕದ ಕೊನೆಯಿಂದ ಸಾವಿನವರೆಗೆ ಸಾಲಿಗ್ರಾಮ ಮೇಳ ಮತ್ತು ಕಾಳಿಂಗ ನಾವಡ ಎಂಬ ಎರಡು ಹೆಸರುಗಳನ್ನು ಜನ ಬೇರೆಬೇರೆಯಾಗಿ ಹೇಳಿದ್ದೇ ಕಡಿಮೆ.

ಅದು ಡೇರೆ ಮೇಳಗಳ ಕಾಲ. ಮಳೆಗಾಲ ಕಳೆದು ಗದ್ದೆ ಕೊಯ್ಲಾದ ಮೇಲೆ ತಿರುಗಾಟ ಶುರು. ಬೆಳಿಗ್ಗೆ ಲಾರಿಯಲ್ಲಿ ಬಂದ ಡೇರೆ ಮಧ್ಯಾಹ್ನದೊಳಗೆ ಬಯಲಿನಲ್ಲಿ ಎದ್ದು ನಿಲ್ಲುತ್ತಿತ್ತು. ಧ್ವನಿವರ್ಧಕ ಕಟ್ಟಿದ ಜೀಪು ಊರೂರಿನಲ್ಲಿ ಕರಪತ್ರ ಎಸೆಯುತ್ತ ಹೋಗುತ್ತಿತ್ತು. ನೆಲಕ್ಕೆ ಒಂದು ದರ, ಕುರ್ಚಿಗೆ ಇನ್ನೊಂದು, ಆರಾಮ ಕುರ್ಚಿಗೆ ಮತ್ತೊಂದು. ಹರಕೆ ಆಟದಂತೆ ಇಲ್ಲಿ ಖರ್ಚು ಕೊಡುವ ಮನೆಯವರಿರಲಿಲ್ಲ. ಟಿಕೆಟ್ ಮಾರಾಟವಾದರೆ ಮಾತ್ರ ಕಲಾವಿದರಿಗೆ ಸಂಬಳ. ಪಕ್ಕದಲ್ಲೇ ಸಿನಿಮಾ ಟಾಕೀಸು ಇತ್ತು. ಶಿರೂರು ದಾಟಿ ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ ಎನ್ನುತ್ತ ಹೆದ್ದಾರಿಗುಂಟ ಉತ್ತರಕ್ಕೆ ಬರುತ್ತಿದ್ದ ದಕ್ಷಿಣದ ಮೇಳಗಳಿಗೆ ಈ ಮೂರು ತಾಲ್ಲೂಕುಗಳು ದೊಡ್ಡ ಆಸರೆಯೂ ಹೌದು, ದೊಡ್ಡ ಪರೀಕ್ಷೆಯೂ ಹೌದು.

ಏಕೆಂದರೆ ಇಲ್ಲಿನ ಪ್ರೇಕ್ಷಕನಿಗೆ ತನ್ನದೇ ಆದ ಯಕ್ಷಗಾನವಿತ್ತು. 1842ರಲ್ಲಿ ಸಾಂಗ್ಲಿಯ ಸಂಸ್ಥಾನದಲ್ಲಿ ಆಟವಾಡಿ ಮರಾಠಿ ರಂಗಭೂಮಿಯ ಹುಟ್ಟಿಗೆ ಪ್ರೇರಣೆಯಾದ ಕನ್ನಡದ ಮೇಳ ಹೊನ್ನಾವರದ ಬಳಿಯ ಕರ್ಕಿಯದು ಎಂಬ ಹೆಮ್ಮೆ ಇಲ್ಲಿನವರದು. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಮಂಡಳಿಯು ಅವರ ಮಗ ಶಂಭು ಹೆಗಡೆಯವರ ಕಾಲದಲ್ಲಿ ದೇಶಾಂತರಗಳಲ್ಲೂ ಹೆಸರಾಯಿತು. ಘಟ್ಟದ ಮೇಲಿನ ನೆಬ್ಬೂರಿನ ನಾರಾಯಣ ಭಾಗವತರು ಆ ಮೇಳದಲ್ಲಿ ದಶಕಗಳ ಕಾಲ ಹಾಡಿದರು. ಹೊನ್ನಾವರ ತಾಲ್ಲೂಕಿನ ಕಡತೋಕದ ಮಂಜುನಾಥ ಭಾಗವತರದು ಇನ್ನೊಂದು ಗಟ್ಟಿ ಕಂಠ. ಜಲವಳ್ಳಿಯ ವೆಂಕಟೇಶ ರಾಯರು, ಹೊಸಾಕುಳಿಯ ಚಿಟ್ಟಾಣಿಯವರು ಈ ಮಣ್ಣಿನ ವೇಷಧಾರಿಗಳು. ಅಭಿನಯಕ್ಕೆ ಬಿಡುವು ಕೊಡುವ, ಭಾವವನ್ನು ನಿಧಾನವಾಗಿ ಬಿಡಿಸುವ ಈ ಭಾಗದ ಶೈಲಿಗೆ ಬಡಾಬಡಗು ಎಂಬ ಪ್ರತ್ಯೇಕ ಹೆಸರೇ ಇದೆ. ಇಂಥ ಕಡೆ ಕುಂದಾಪುರ ಸೀಮೆಯ ಹುಡುಗನೊಬ್ಬ ಬಂದು ಹಾಡಿ ಒಪ್ಪಿಸಿಕೊಳ್ಳಬೇಕಿತ್ತು.

ಒಪ್ಪಿಸಿಕೊಂಡರು. ಒಪ್ಪಿಸಿಕೊಂಡ ರೀತಿಯಲ್ಲೇ ಅವರ ಕೊಡುಗೆಯ ಗುಟ್ಟಿದೆ. ಮೈಕು ಬರುವ ಮೊದಲಿನ ಭಾಗವತರು ಚಂಡೆಯ ಅಬ್ಬರವನ್ನು ದಾಟಿ ಬಯಲಿನ ಕೊನೆಯ ಸಾಲಿಗೆ ಕೇಳಿಸುವಂತೆ ಹಾಡಬೇಕಿತ್ತು. ಏರುಶ್ರುತಿ, ತೆರೆದ ಗಂಟಲು, ಖಚಿತವಾದ ಅಕ್ಷರ. ಸಣ್ಣ ಕುಸುರಿಗೆ ಅಲ್ಲಿ ಎಡೆಯಿರಲಿಲ್ಲ. ಮೈಕು ಬಂದ ಮೇಲೂ ಬಹುಮಂದಿ ಅದೇ ಅಭ್ಯಾಸದಲ್ಲಿ ಮುಂದುವರಿದರು. ನಾವಡರಿಗೆ ಮೈಕಿನ ಬೆಲೆ ತಿಳಿದಿತ್ತು. ಹಳಬರ ಏರುಶ್ರುತಿಯನ್ನು ಅವರು ಬಿಡಲಿಲ್ಲ. ಅದರ ಜೊತೆಗೆ ಪಿಸುಮಾತಿನಷ್ಟು ಮೆಲುವಾದ ದನಿಯನ್ನೂ ರಂಗಕ್ಕೆ ತಂದರು. ಕರುಣರಸದ ಪದ್ಯವೊಂದು ಮೆಲುದನಿಯಲ್ಲಿ ಮೊದಲಾಗಿ, ಸಾಲು ಸಾಲಿಗೆ ಏರಿ, ತುದಿಯಲ್ಲಿ ಚಂಡೆಯೊಡನೆ ಸಿಡಿಯುವುದನ್ನು ಡೇರೆಯ ಪ್ರೇಕ್ಷಕ ಅದಕ್ಕೆ ಮುನ್ನ ಆ ಪರಿಯಲ್ಲಿ ಕೇಳಿರಲಿಲ್ಲ.

ರಾಗಗಳ ವಿಷಯದಲ್ಲೂ ಅವರು ಬೇಲಿ ಹಾರಿದರು. ಪರಂಪರೆಯಿಂದ ಬಂದ ಭೈರವಿ, ಮೋಹನ, ಕಾಂಬೋಧಿ, ಸಾವೇರಿ, ಮಧ್ಯಮಾವತಿಗಳ ಜೊತೆಗೆ ಹಿಂದೂಸ್ತಾನಿಯ ಛಾಯೆಗಳು, ಭಾವಗೀತೆಯ ಲಾಲಿತ್ಯ, ಕೆಲವೊಮ್ಮೆ ಸಿನಿಮಾ ಹಾಡಿನ ಬಳುಕು ಕೂಡ ಅವರ ಪದ್ಯಗಳಲ್ಲಿ ಸುಳಿದವು. ತಾಳದ ಚೌಕಟ್ಟು ಮಾತ್ರ ಅಲುಗಲಿಲ್ಲ. ರಾಗ ಎಲ್ಲಿಗೇ ಹೋಗಲಿ, ಮುಕ್ತಾಯದ ಹೊತ್ತಿಗೆ ಮದ್ದಳೆಯ ಪೆಟ್ಟಿಗೆ ಸರಿಯಾಗಿ ಬಂದು ಇಳಿಯುತ್ತಿತ್ತು. ಒಂದೇ ಸಾಲನ್ನು ಮತ್ತೆ ಮತ್ತೆ ಬೇರೆ ಬೇರೆ ಸಂಚಾರದಲ್ಲಿ ಹಾಡಿ ವೇಷಧಾರಿಯನ್ನು ಕುಣಿಸುವುದು ಅವರ ಇನ್ನೊಂದು ವೈಖರಿ. ಇದನ್ನು ವೇಷಧಾರಿಯ ಮೇಲಿನ ಸವಾರಿ ಎಂದು ಕಂಡವರಿದ್ದಾರೆ. ಕಸುವುಳ್ಳ ವೇಷಧಾರಿಗೆ ಅದಕ್ಕಿಂತ ದೊಡ್ಡ ಅವಕಾಶ ಬೇರೆ ಇರಲಿಲ್ಲ ಎಂದೂ ಹೇಳಬೇಕು.

ಜನ ಅದುವರೆಗೆ ಆಟಕ್ಕೆ ಹೋಗುತ್ತಿದ್ದುದು ವೇಷ ನೋಡಲು. ಇಂದು ಯಾರ ಕೀಚಕ, ಯಾರ ಕೌರವ ಎಂದು ಕರಪತ್ರದಲ್ಲಿ ನೋಡಿ ಟಿಕೆಟ್ ಕೊಳ್ಳುತ್ತಿದ್ದರು. ರಂಗದ ಹಿಂಬದಿಯಲ್ಲಿ ಮುಂಡಾಸು ಸುತ್ತಿ ಕುಳಿತ ಭಾಗವತನ ಪದ್ಯ ಕೇಳಲೆಂದೇ ಸಾವಿರಾರು ಜನ ಬರುವಂತೆ ಮಾಡಿದ ಶ್ರೇಯಸ್ಸಿನಲ್ಲಿ ಸಿಂಹಪಾಲು ನಾವಡರದು. ಕರಾವಳಿ ಕೋಗಿಲೆ ಎಂಬ ಬಿರುದು ಅವರ ಹೆಸರಿಗೆ ಅಂಟಿಕೊಂಡಿತು. ಬಿರುದುಗಳಿಗೆ ಬರವಿಲ್ಲದ ಯಕ್ಷಗಾನ ಲೋಕದಲ್ಲಿ ಇಷ್ಟು ವರ್ಷ ಉಳಿದುಕೊಂಡ ಬಿರುದು ವಿರಳ.

ಹೊಸ ಪ್ರಸಂಗಗಳ ವಿಷಯ ಪ್ರತ್ಯೇಕವಾಗಿ ಹೇಳಬೇಕಾದದ್ದು. ಡೇರೆ ಮೇಳಕ್ಕೆ ವರ್ಷವರ್ಷವೂ ಹೊಸ ಕಥೆ ಬೇಕಿತ್ತು. ನಾವಡರು ಹಾಡುವುದಷ್ಟೇ ಅಲ್ಲ, ಬರೆದರು ಕೂಡ. ಅವರ ‘ನಾಗಶ್ರೀ’ ಪ್ರಸಂಗ ಸಾಲಿಗ್ರಾಮ ಮೇಳಕ್ಕೆ ತಂದುಕೊಟ್ಟ ಜನಪ್ರಿಯತೆ ದಂತಕಥೆಯಂತಿದೆ. ಪುರಾಣಕ್ಕೆ ಸೇರದ, ಜಾನಪದ ಕಥೆಯ ಸೊಗಡಿನ, ಪ್ರೇಮ ಮತ್ತು ವಿರಹಕ್ಕೆ ಧಾರಾಳ ಅವಕಾಶವಿರುವ ಕಥೆ; ನಡುನಡುವೆ ನಾವಡರ ಕಂಠಕ್ಕೆಂದೇ ಹೊಲಿದಂತಿರುವ ಪದ್ಯಗಳು. ಇಂಥ ಕಾಲ್ಪನಿಕ ಪ್ರಸಂಗಗಳಿಗೆ ಆ ಬಳಿಕ ಡೇರೆ ಮೇಳಗಳಲ್ಲಿ ಸುಗ್ಗಿಯೋ ಸುಗ್ಗಿ. ಅವುಗಳಲ್ಲಿ ಹೆಚ್ಚಿನವು ಒಂದು ತಿರುಗಾಟ ಕಳೆಯುವಷ್ಟರಲ್ಲಿ ಮರೆತುಹೋದವು. ನಾಗಶ್ರೀ ಮಾತ್ರ ಇಂದಿಗೂ ರಂಗಕ್ಕೆ ಬರುತ್ತಿದೆ.

ಇದಕ್ಕೆ ಬಂದ ವಿರೋಧವೂ ಸಣ್ಣದಲ್ಲ. ರಾಮಾಯಣ, ಮಹಾಭಾರತ, ಭಾಗವತಗಳ ಮೇಲೆ ನಿಂತ ಕಲೆಗೆ ಸಿನಿಮಾ ಕಥೆ ಏಕೆ ಎಂಬುದು ಒಂದು ಆಕ್ಷೇಪ. ಯಕ್ಷಗಾನದ ಹಾಡುಗಾರಿಕೆಗೆ ತನ್ನದೇ ಆದ ಒರಟು ಘನತೆಯಿದೆ, ಅದನ್ನು ನಯ ಮಾಡುತ್ತ ಹೋದರೆ ಉಳಿಯುವುದು ಲಘುಸಂಗೀತ ಎಂಬುದು ಇನ್ನೊಂದು. ಹೊನ್ನಾವರದಲ್ಲೇ ಇದಕ್ಕೆ ಎದುರಾದ ಮಾದರಿಯೊಂದು ಕಣ್ಣ ಮುಂದಿತ್ತು. ಕೆರೆಮನೆ ಶಂಭು ಹೆಗಡೆಯವರು ಸಿನಿಮಾ ಯುಗದ ಸವಾಲಿಗೆ ಕೊಟ್ಟ ಉತ್ತರ ಬೇರೆ: ಪೌರಾಣಿಕ ಪ್ರಸಂಗವನ್ನೇ ಹಿಡಿದು, ಅನಗತ್ಯವನ್ನು ಕಳೆದು, ಕೆಲವೇ ಗಂಟೆಗಳ ಅಚ್ಚುಕಟ್ಟಾದ ಪ್ರಯೋಗವಾಗಿಸುವುದು. ನೆಬ್ಬೂರರ ಹಾಡು ಆ ಪ್ರಯೋಗದ ಒಳಗೆ ನಟನ ಭಾವಕ್ಕೆ ಹಾಸಿಗೆ ಹಾಸಿದಂತೆ ಇರುತ್ತಿತ್ತು. ಎಂದೂ ನಟನನ್ನು ಮೀರಿ ನಿಲ್ಲುತ್ತಿರಲಿಲ್ಲ. ಒಂದು ದಾರಿ ಕಲೆಯನ್ನು ಮಿತಗೊಳಿಸಿತು, ಇನ್ನೊಂದು ಅಗಲಗೊಳಿಸಿತು. ಕೆರೆಮನೆಯ ದಾರಿ ಹೆಚ್ಚು ಶುದ್ಧವಾದದ್ದು ಎಂಬುದರಲ್ಲಿ ಈ ಲೇಖಕನಿಗೆ ಸಂಶಯವಿಲ್ಲ. ಆದರೆ 1980ರ ದಶಕದಲ್ಲಿ ಟಾಕೀಸಿನ ಕಡೆ ಹೊರಟಿದ್ದ ಹದಿಹರೆಯದವರನ್ನು ಡೇರೆಯ ಕಡೆ ತಿರುಗಿಸಿದ್ದು ನಾವಡರ ದಾರಿ. ಅಂದಹಾಗೆ, ಗದಾಯುದ್ಧ, ಕರ್ಣಪರ್ವಗಳಂಥ ಪೌರಾಣಿಕ ಪ್ರಸಂಗಗಳಲ್ಲೂ ಅವರು ಅಷ್ಟೇ ಸಮರ್ಥರಾಗಿದ್ದರೆಂಬುದನ್ನು ಅವರ ವಿರೋಧಿಗಳು ಅನುಕೂಲಕ್ಕೆ ತಕ್ಕಂತೆ ಮರೆಯುತ್ತಿದ್ದರು.

1990ರ ಮೇ 27. ಮೇ ಕೊನೆಯೆಂದರೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಸಮಯ. ಬೈಕ್ ಅಪಘಾತದಲ್ಲಿ ನಾವಡರು ಮೃತಪಟ್ಟರು. ಮುಂದಿನ ತಿರುಗಾಟಕ್ಕೆ ಆ ಕಂಠ ಇಲ್ಲ ಎಂಬುದನ್ನು ನಂಬುವುದೇ ಕರಾವಳಿಗೆ ಕಷ್ಟವಾಯಿತು.

ಪಾಶ್ಚಾತ್ಯ ಸಂಗೀತ ಬಲ್ಲವರಿಗೆ ಇಲ್ಲಿ ಬಡ್ಡಿ ಹಾಲಿಯ ನೆನಪಾಗಬಹುದು. ರಾಕ್ ಅಂಡ್ ರೋಲ್ ಸಂಗೀತದ ಮೊದಲಿಗರಲ್ಲಿ ಒಬ್ಬನಾದ ಈ ಅಮೆರಿಕನ್ ತರುಣ 1959ರ ಫೆಬ್ರುವರಿ 3ರಂದು ವಿಮಾನ ಅಪಘಾತದಲ್ಲಿ ಸತ್ತಾಗ ಅವನ ವಯಸ್ಸು 22. ಪ್ರಸಿದ್ಧಿಯಲ್ಲಿ ಇದ್ದದ್ದು ಎರಡು ವರ್ಷವೂ ಇಲ್ಲ. ನಾವಡರು ಹುಟ್ಟಿದ 1958ರಲ್ಲೇ ಅವನು ಇಂಗ್ಲೆಂಡ್ ಪ್ರವಾಸ ಮಾಡಿದ್ದ. ಅದೇ ವರ್ಷ ಲಿವರ್‌ಪೂಲಿನ ಕೆಲವು ಹುಡುಗರು ತಮ್ಮ ಮೊತ್ತಮೊದಲ ಧ್ವನಿಮುದ್ರಣಕ್ಕೆ ಆರಿಸಿಕೊಂಡದ್ದು ಹಾಲಿಯ ಹಾಡನ್ನು. ಮುಂದೆ ಬೀಟಲ್ಸ್ ಎಂದು ಜಗತ್ತು ಕರೆದದ್ದು ಅವರನ್ನೇ. ಆ ಹೆಸರು ಕೂಡ ಹಾಲಿಯ ಕ್ರಿಕೆಟ್ಸ್ ತಂಡದ ಹೆಸರಿನ ಪ್ರೇರಣೆಯಿಂದ ಹುಟ್ಟಿದ್ದು. ಅಲ್ಲಿ ಗ್ರಾಮಾಫೋನ್ ತಟ್ಟೆ ಮಾಡಿದ ಕೆಲಸವನ್ನು ನಮ್ಮ ಕರಾವಳಿಯಲ್ಲಿ ಕ್ಯಾಸೆಟ್ ಮಾಡಿತು.

ನಾವಡರ ಉತ್ಕರ್ಷದ ಕಾಲವೂ ಟೇಪ್ ರೆಕಾರ್ಡರ್ ಮನೆಮನೆಗೆ ಬಂದ ಕಾಲವೂ ಒಂದೇ. ಡೇರೆಯಲ್ಲಿ ಧ್ವನಿವರ್ಧಕದ ಸಮೀಪ ರೆಕಾರ್ಡರ್ ಇಟ್ಟು ಇಡೀ ರಾತ್ರಿ ಕ್ಯಾಸೆಟ್ ಬದಲಿಸುತ್ತ ಕೂರುವ ಹುಚ್ಚರಿದ್ದರು. ಮಾರಾಟದ ಕ್ಯಾಸೆಟ್‌ಗಳು ಹೋಟೆಲ್ಲು, ಬಸ್ಸು, ಅಂಗಡಿಗಳಲ್ಲಿ ಮೊಳಗಿದವು. ಅದಕ್ಕೆ ಮುಂಚಿನ ಮಹಾನ್ ಭಾಗವತರ ಹಾಡು ಅವರ ಜೊತೆಗೇ ಹೋಯಿತು. ಕೇಳಿದವರ ನೆನಪಿನಲ್ಲಿ ಎಷ್ಟು ಉಳಿಯಿತೋ ಅಷ್ಟೇ. ನಾವಡರದು ಹಾಗಾಗಲಿಲ್ಲ. ಗುರುವಿನ ಪಕ್ಕ ಕುಳಿತೇ ಕಲಿಯಬೇಕಿದ್ದ ವಿದ್ಯೆಯನ್ನು ಕುಮಟಾದ ಹಳ್ಳಿಯ ಹುಡುಗನೊಬ್ಬ ರಿವೈಂಡ್ ಮಾಡಿ ಮಾಡಿ ಕಲಿಯುವಂತಾಯಿತು. ಮೇಳ ಬರುವುದು ವರ್ಷಕ್ಕೊಮ್ಮೆ. ಕ್ಯಾಸೆಟ್ ದಿನಾಲೂ ಹಾಡುತ್ತದೆ.

ಆ ಪ್ರಭಾವವನ್ನು ಅಳೆಯಲು ಕುಮಟಾ ತಾಲ್ಲೂಕಿನವರೇ ಆದ ಸುಬ್ರಹ್ಮಣ್ಯ ಧಾರೇಶ್ವರರ ಉದಾಹರಣೆಗಿಂತ ಉತ್ತಮವಾದದ್ದು ಸಿಗದು. ಗೋಕರ್ಣದ ಈ ತರುಣ ಅಮೃತೇಶ್ವರಿ ಮೇಳ ಸೇರಿದ್ದು ಎಲೆಕ್ಟ್ರಿಷಿಯನ್ ಆಗಿ. ರಂಗಕ್ಕೆ ಬೆಳಕು ಕೊಡುತ್ತಿದ್ದವರ ಕಂಠವನ್ನು ಗುರುತಿಸಿ ಪದ್ಯ ಕಲಿಸಿದ ಗುರು ಅದೇ ನಾರ್ಣಪ್ಪ ಉಪ್ಪೂರರು. ಹೀಗೆ ನಾವಡರು ಮತ್ತು ಧಾರೇಶ್ವರರು ಒಂದೇ ಗುರುವಿನ ಶಿಷ್ಯರು, ವಯಸ್ಸಿನಲ್ಲೂ ಸಮಕಾಲೀನರು. ಆದರೆ ನಾವಡರು ಅಷ್ಟರಲ್ಲೇ ಬಹು ಮುಂದೆ ಹೋಗಿದ್ದರು. 1990ರ ನಂತರ ಅವರು ತೆರವು ಮಾಡಿದ ಜಾಗದಲ್ಲಿ ಜನ ಹುಡುಕಿದ್ದು ಇನ್ನೊಬ್ಬ ನಾವಡರನ್ನು.

ಅನುಕರಿಸಿದ್ದರೆ ಧಾರೇಶ್ವರರಿಗೆ ಚಪ್ಪಾಳೆ ಬೇಗ ಸಿಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ನಾವಡರು ತೆರೆದ ಬಾಗಿಲಿನಿಂದ ಒಳಹೊಕ್ಕು ಬೇರೆ ಕೋಣೆಗೆ ಹೋದರು. ಹೊಸ ರಾಗ, ಮೈಕಿನ ಮೆಲುದನಿ, ಭಾಗವತನೇ ಆಕರ್ಷಣೆಯಾಗುವ ಧೈರ್ಯ, ಇವು ನಾವಡರಿಂದ ಬಂದವು. ಸಿಡಿಲಿನಂಥ ಏರುಪದ್ಯದ ಬದಲು ಶೃಂಗಾರ, ಕರುಣ, ಭಕ್ತಿಗಳಲ್ಲಿ ಹದವಾಗಿ ತೊಯ್ಯುವ ಗುಣ ಅವರದೇ. ಪೆರ್ಡೂರು ಮೇಳದಲ್ಲಿ ಎರಡೂವರೆ ದಶಕಕ್ಕೂ ಹೆಚ್ಚು ಕಾಲ ಪ್ರಧಾನ ಭಾಗವತರಾಗಿ ಅಸಂಖ್ಯ ಹೊಸ ಪ್ರಸಂಗಗಳನ್ನು ರಂಗಕ್ಕೆ ತಂದರು. 2024ರ ಏಪ್ರಿಲ್ 25ರಂದು ಅವರು ನಿಧನರಾದಾಗ ಅವರ ಶೈಲಿಯನ್ನು ಅನುಸರಿಸುವ ಭಾಗವತರ ಒಂದು ತಲೆಮಾರೇ ಸಿದ್ಧವಾಗಿತ್ತು. ಅವರ ಮೂಲಕ ನಾವಡರು ಮೂರನೆಯ ತಲೆಮಾರಿಗೆ ದಾಟಿದರು ಎಂದರೆ ಅತಿಶಯೋಕ್ತಿಯಲ್ಲ.

ರಾಘವೇಂದ್ರ ಆಚಾರ್ಯ ಜನ್ಸಾಲೆ, ಹಾಲಾಡಿ ರಾಘವೇಂದ್ರ ಮಯ್ಯ ಮೊದಲಾದ ಈಚಿನ ಜನಪ್ರಿಯ ಭಾಗವತರ ತಾರಾಮೌಲ್ಯವನ್ನು ಕಂಡಾಗಲೂ ಅದರ ಮೊದಲ ಇಟ್ಟಿಗೆ ಯಾರದೆಂಬುದು ಹೊಳೆಯುತ್ತದೆ. ವೇಷವೇ ಇಲ್ಲದೆ ಬರಿಯ ಪದ್ಯಗಳನ್ನೇ ಕೇಳಿಸುವ ಗಾನವೈಭವ, ಇಬ್ಬರು ಭಾಗವತರು ಸಾಲು ಹಂಚಿಕೊಂಡು ಹಾಡುವ ದ್ವಂದ್ವ ಭಾಗವತಿಕೆ ಇಂದು ಹೊನ್ನಾವರ, ಕುಮಟಾಗಳಿಂದ ಬೆಂಗಳೂರಿನವರೆಗೆ ಸಭಾಂಗಣ ತುಂಬಿಸುತ್ತಿವೆ. ಭಾಗವತನ ಹೆಸರಿಗೆ ಜನ ಸೇರುತ್ತಾರೆಂಬ ಭರವಸೆ ಮೊದಲು ಹುಟ್ಟದಿದ್ದರೆ ಇಂಥ ಕಾರ್ಯಕ್ರಮಗಳನ್ನು ಏರ್ಪಡಿಸುವ ಯೋಚನೆ ಯಾರಿಗೆ ಬರುತ್ತಿತ್ತು?

ತೆತ್ತ ಬೆಲೆಯನ್ನೂ ಹೇಳಬೇಕು. ಬಡಾಬಡಗಿನ ಹಾಡಿಗೂ ಕುಂದಾಪುರದ ಹಾಡಿಗೂ ಇದ್ದ ವ್ಯತ್ಯಾಸ ಕಣ್ಣಿಗೆ ಕಾಣುವಂತೆ ಕಿರಿದಾಗಿದೆ. ಕಡತೋಕದ ಗಟ್ಟಿತನ, ನೆಬ್ಬೂರರ ಸಂಯಮ ಈಗ ಹುಡುಕಿ ಕೇಳಬೇಕಾದ ವಸ್ತುಗಳು. ನಾವಡರ ಶ್ರುತಿಗೆ ಏರಲು ಹೋಗಿ ಕಂಠ ಕೆಡಿಸಿಕೊಂಡ, ಅವರ ಕಂಪನವನ್ನು ಕಲಿತು ಅವರ ತಾಳವನ್ನು ಕಲಿಯದೆ ಹೋದ ಹುಡುಗರು ಕಡಿಮೆಯಿಲ್ಲ. ಉಪ್ಪೂರರ ಬಳಿ ಅವರು ಸವೆಸಿದ ರಾತ್ರಿಗಳು ಯಾವ ಕ್ಯಾಸೆಟ್ಟಿನಲ್ಲೂ ದಾಖಲಾಗಿಲ್ಲ. ಇದರ ಹೊಣೆಯನ್ನು ಸತ್ತವರ ಮೇಲೆ ಹಾಕುವುದು ನ್ಯಾಯವಲ್ಲ. ಆದರೆ ನಷ್ಟ ನಷ್ಟವೇ.

ಆ ಹಳೆಯ ಕ್ಯಾಸೆಟ್‌ಗಳು ಈಗ ಡಿಜಿಟಲ್ ರೂಪ ತಾಳಿ ಮೊಬೈಲ್‌ಗಳಲ್ಲಿ ಓಡಾಡುತ್ತಿವೆ. ಡೇರೆಯ ಜನರ ಗದ್ದಲ, ಮೈಕಿನ ಗುಂಯ್ ಸದ್ದು, ನಡುವೆ ಎಲ್ಲೋ ಅಳುವ ಮಗು ಎಲ್ಲವೂ ಅವುಗಳಲ್ಲಿವೆ. ಗಾನವೈಭವಗಳಲ್ಲಿ ವೇದಿಕೆಗೆ ಬರುವ ಕೋರಿಕೆಯ ಚೀಟಿಗಳಲ್ಲಿ, ಮುಗಿಲು ಕಂಡ ನವಿಲಿನ ಕುಣಿತವನ್ನು ಬಣ್ಣಿಸುವ ನಾವಡರ ಪದ್ಯವೊಂದು ತಪ್ಪದೆ ಇರುತ್ತದೆ. ಭಾಗವತರು ಚೀಟಿ ನೋಡಿ ಸಣ್ಣಗೆ ನಗುತ್ತಾರೆ, ಮದ್ದಳೆಗಾರನ ಕಡೆ ತಿರುಗುತ್ತಾರೆ. ಮೊದಲ ಆವರ್ತನ ನಾವಡರು ಹಾಡಿದಂತೆಯೇ ಇರುತ್ತದೆ. ಎರಡನೆಯದರಲ್ಲಿ ಅವರವರ ರಾಗ.